ಸಾಹಸದ ಲೆಕ್ಕ ಯಾರ ಹೆಸರಿನಲ್ಲಿ?

ಭಾನುವಾರಗಳಂದು ನನ್ನ ಬಳಿ ಕನ್ನಡ ಓದಲು ಬರುವ ಮಕ್ಕಳಿಗೆ ಒಮ್ಮೆ 'ನಾನು ಮಾಡಬಯಸುವ ಸಾಹಸ' ಎಂಬ ವಿಷಯವನ್ನು ಕುರಿತು ಪ್ರಬಂಧ ಬರೆಯಹೇಳಿದೆ. ಕಡಲು ದಾಟುವವರು, ವಿಮಾನ ನಡೆಸುವವರು ಒಬ್ಬಿಬ್ಬರು. ಉಳಿದವರೆಲ್ಲರೂ ಕಾಡಿಗೇ ಹೊರಟಿದ್ದರು. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ತುಡಿಯಲೂರಿನಲ್ಲಿ ನಿಂತು ಪಡುವಣಕ್ಕೆ ಮುಖ ಮಾಡಿದರೆ ಬೆಟ್ಟಗಳ ಸಾಲು ಕಣ್ಣಿಗೆ ಬೀಳುತ್ತದೆ. ಮೇಟ್ಟುಪಾಳಯದ ರೈಲು ಹಾದುಹೋಗುವ ಈ ಊರಿಗೂ ಆನೆಗಳು ನಡೆದಾಡುವ ನೆಲಕ್ಕೂ ಬಹಳ ದೂರವಿಲ್ಲ. ಒಬ್ಬ ಹುಡುಗನಂತೂ, ರಾತ್ರಿ ಒಬ್ಬನೇ ಹೋಗಿ ಕಾಡಾನೆಯ ಎದುರು ನಿಲ್ಲುವೆನೆಂದೂ ಆಗ ತನ್ನ ಧೈರ್ಯ ಎಲ್ಲರಿಗೂ ತಿಳಿಯುವುದೆಂದೂ ಬರೆದಿದ್ದ. ಕಾಗುಣಿತದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೂ ಅಂಕ ಹಾಕಲು ನನ್ನ ಕೈ ತಡೆಯಿತು.

'ಸಾಹಸ' ಎಂಬುದು ಇಂದು ನಮಗೆ ಮೆಚ್ಚುಗೆಯ ಮಾತು. ಹಿಂದಿನವರಿಗೆ ಅದು ಹಾಗಿರಲಿಲ್ಲ. ಮನುಸ್ಮೃತಿ ಎಣಿಸುವ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ನ್ಯಾಯಸ್ಥಾನಕ್ಕೆ ಬರುವ ವ್ಯಾಜ್ಯಗಳಲ್ಲಿ, ಸಾಹಸವೂ ಒಂದು. ಒಡೆಯನ ಕಣ್ಣೆದುರಿಗೇ ಬಲಾತ್ಕಾರವಾಗಿ ಕಿತ್ತುಕೊಂಡರೆ ಅದು ಸಾಹಸ. ಮರೆಯಲ್ಲಿ ತೆಗೆದರೆ ಕಳವು. ಕಾಲ ಸರಿದಂತೆ ಪದಗಳ ಅರ್ಥ ಮೇಲೇರುವುದೂ ಕೆಳಗಿಳಿಯುವುದೂ ಉಂಟು. ಈ ಪದ ಮೇಲೇರಿತು. ಆದರೆ ಹಳೆಯ ಅರ್ಥ ಪೂರ್ತಿ ಸತ್ತಿದೆಯೆ ಎಂಬ ಅನುಮಾನ ನನಗೆ ಇದ್ದೇ ಇದೆ. ಅದಕ್ಕೆ ಕಾರಣ ನನ್ನದೇ ಒಂದು ರಾತ್ರಿ.

ಆಗ ನನಗೆ ಇಪ್ಪತ್ತರ ಪ್ರಾಯ. ತುಡಿಯಲೂರಿನಿಂದ ಪಡುವಣಕ್ಕೆ ಕಣುವಾಯಿಯನ್ನು ದಾಟಿದರೆ ತಡಾಗಂ ಕಣಿವೆ. (ಕಣುವಾಯಿ ಎಂಬ ಹೆಸರಿನಲ್ಲಿ ನಮ್ಮ ಕಣಿವೆಯ ಸದ್ದೇ ನನಗೆ ಕೇಳಿಸುತ್ತದೆ, ಗಡಿಯ ಊರುಗಳಲ್ಲಿ ಇಂಥ ಸಂತೋಷಗಳು ಅನೇಕ.) ಅಲ್ಲಿ ಆನೆ ನೋಡಬೇಕೆಂದು ಗೆಳೆಯರಿಬ್ಬರೊಡನೆ ಹೋದೆ. ಜೋಳದ ಹೊಲ ಕಾಯುತ್ತಿದ್ದ ಒಬ್ಬ ಮುದುಕರು ತಮ್ಮ ಅಟ್ಟಣೆಯಲ್ಲಿ ನಮಗೆ ಜಾಗ ಕೊಟ್ಟರು. ಬೀಡಿ ಸೇದಬೇಡಿ, ದೀಪ ಹಾಕಬೇಡಿ ಎಂದು ಎರಡೇ ಮಾತು ಹೇಳಿದರು. ನಡುರಾತ್ರಿಯಲ್ಲಿ ಒಂಟಿಸಲಗವೊಂದು ಬಂದು ಹೊಲದ ಅಂಚಿನಲ್ಲಿ ನಿಂತಿತು. ಮುದುಕರು ಸುಮ್ಮನಿದ್ದರು. ಬಹುಶಃ ಅದು ತಾನಾಗಿಯೇ ಹಾದುಹೋಗುತ್ತಿತ್ತು. ಆದರೆ ಅದರ ಕೊಂಬನ್ನು ನೋಡುವ ಆಸೆಗೆ ನಾನು ಟಾರ್ಚಿನ ಬೆಳಕನ್ನು ಅದರ ಮುಖಕ್ಕೆ ಬಿಟ್ಟೆ. ಬೆದರಿದ ಆನೆ ಘೀಳಿಟ್ಟು ಹೊಲದ ನಡುವೆಯೇ ನುಗ್ಗಿತು. ಮುದುಕರು ತಗಡಿನ ಡಬ್ಬ ಬಡಿಯುತ್ತ ಕೆಳಗಿಳಿದು ಓಡಿದರು, ಕತ್ತಲಲ್ಲಿ ಬದುವಿನಿಂದ ಜಾರಿ ಬಿದ್ದು ಕೈ ಮುರಿದುಕೊಂಡರು. ನಾವು ಮೂವರೂ ಅಟ್ಟಣೆ ಬಿಟ್ಟು ಇಳಿಯಲಿಲ್ಲ. ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಬಂದು ಒಂದು ವಾರ ಕಾಲ ವೀರರಾಗಿ ತಿರುಗಿದೆವು. ಮುದುಕರ ಕೈಯ ವಿಚಾರ ಆ ಕಥೆಯಲ್ಲಿ ಬರುತ್ತಿರಲಿಲ್ಲ.

ಒಡೆಯನ ಕಣ್ಣೆದುರಿಗೇ ಬಲವಂತದಿಂದ ತೆಗೆದುಕೊಂಡದ್ದು ಅದಲ್ಲವೆ? ನನ್ನ ಪಾಲಿಗೆ ಬಂದದ್ದು ಮೈನವಿರೇಳುವ ಒಂದು ಗಳಿಗೆ. ಅದರ ಬೆಲೆಯನ್ನು ತೆತ್ತವರು ಬೇರೆಯವರು.

ಅದೇ ಕಣಿವೆಯಲ್ಲಿ ತಿರುಗಾಡುತ್ತಿದ್ದ ಚಿನ್ನತಂಬಿ ಎಂಬ ಗಂಡಾನೆಯ ಕಥೆಯನ್ನು ವಾಚಕರು ಕೇಳಿರಬಹುದು. ಬೆಳೆ ತಿನ್ನುತ್ತದೆಂಬ ದೂರಿನ ಮೇಲೆ 2019ರ ಜನವರಿಯಲ್ಲಿ ಅದನ್ನು ಪೆರಿಯ ತಡಾಗಂ ಬಳಿ ಕುಮ್ಕಿ ಆನೆಗಳ ನೆರವಿನಿಂದ ಹಿಡಿದು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ ಆನೆಮಲೆಯ ಕಾಡಿಗೆ ಬಿಟ್ಟರು. ಕೆಲವೇ ದಿನಗಳಲ್ಲಿ ಅದು ಕಾಡಿನಿಂದ ಹೊರಬಿದ್ದು, ಊರುಗಳನ್ನೂ ಹೊಲಗಳನ್ನೂ ದಾಟಿ ತಿರುಪ್ಪೂರು ಜಿಲ್ಲೆಯ ಉಡುಮಲಪೇಟೆಯ ಸೀಮೆಗೆ ಬಂತು. ಫೆಬ್ರವರಿಯಲ್ಲಿ ಕಣ್ಣಾಡಿಪುತ್ತೂರಿನ ಬಳಿ ಕಬ್ಬಿನ ಗದ್ದೆಗಳ ನಡುವೆ ಮತ್ತೆ ಸೆರೆಸಿಕ್ಕಿತು. ಮರದ ದೊಡ್ಡಿಯಲ್ಲಿಟ್ಟು ಪಳಗಿಸಿ ಅದನ್ನೂ ಕುಮ್ಕಿಯಾಗಿಸಿದರು. ಅಪಾಯವನ್ನು ಹಾಯ್ದು ಅಪರಿಚಿತ ನೆಲದಲ್ಲಿ ನಡೆಯುವುದೇ ಸಾಹಸವಾದರೆ ಆ ಆನೆಗಿಂತ ಸಾಹಸಿ ಯಾರು? ಆದರೆ ಅದು ಹಾಗೆ ನಡೆದದ್ದು ಇಷ್ಟಪಟ್ಟಲ್ಲ. ರಾತ್ರಿ ಹೊಲ ಕಾಯುವ ರೈತನೂ ಇಷ್ಟಪಟ್ಟು ಅಟ್ಟಣೆ ಏರುವುದಿಲ್ಲ. ನಾವು ಆರಿಸಿಕೊಂಡು ಅನುಭವಿಸುವ ಭಯ ಅವರಿಬ್ಬರ ನಿತ್ಯದ ಬಾಳು.

ಇದು ನಮ್ಮ ಕಣಿವೆಯೊಂದರ ಮಾತಲ್ಲ. ಎವರೆಸ್ಟಿನ ಹಾದಿಯಲ್ಲಿ 2014ರ ಏಪ್ರಿಲ್ 18ರಂದು ಹಿಮ ಕುಸಿದು ಸತ್ತ 16 ಮಂದಿಯೂ ನೇಪಾಳದ ಕೆಲಸಗಾರರೇ. ಇತರರ ಆರೋಹಣಕ್ಕಾಗಿ ದಾರಿ ಸಿದ್ಧಪಡಿಸುತ್ತ, ಹೊರೆ ಸಾಗಿಸುತ್ತ ಇದ್ದವರು. ತೇನಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಕಾಳ್ಗಿಚ್ಚು ಚಾರಣಕ್ಕೆ ಬಂದವರನ್ನು ಸುತ್ತುವರಿಯಿತು. ಇಪ್ಪತ್ತಕ್ಕೂ ಹೆಚ್ಚು ಜನ ತೀರಿಕೊಂಡರು. ಚೆನ್ನೈಯಿಂದಲೂ ನಮ್ಮ ಈರೋಡು, ತಿರುಪ್ಪೂರುಗಳಿಂದಲೂ ಹೋದ ಎಳೆಯರು ಅವರು. ಸತ್ತವರನ್ನು ದೂರುವ ಮನಸ್ಸು ನನಗಿಲ್ಲ. ಅವರು ತೆತ್ತದ್ದು ತಮ್ಮದೇ ಪ್ರಾಣ. ಆದರೆ ಅವರನ್ನು ಉಳಿಸಲು ಉರಿಯುವ ಇಳಿಜಾರನ್ನು ಏರಿದವರೂ ಇದ್ದರಲ್ಲ, ಅವರು ಯಾವ ಸಾಹಸಕ್ಕೆಂದು ಮನೆಯಿಂದ ಹೊರಟವರು?

ಹಾಗಾದರೆ ಮಕ್ಕಳು ಕಾಡಿಗೆ ಹೋಗಲೇಬಾರದೆ ಎಂದು ಉಪಾಧ್ಯಾಯ ಮಿತ್ರರು ಕೇಳಬಹುದು. ಹಾಗೆ ಹೇಳಲಾರೆ. ಆನೆಯನ್ನು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಕಂಡ ಹುಡುಗ, ನಾಳೆ ಅಧಿಕಾರಿಯಾಗಿ ಆನೆದಾರಿಗೆ ಅಡ್ಡಲಾಗಿ ಗೋಡೆ ಕಟ್ಟಲು ನಿಶ್ಚಿಂತೆಯಿಂದ ರುಜು ಹಾಕಿಯಾನು. ಆನೈಕಟ್ಟಿಯಲ್ಲಿ ಸಾಲಿಂ ಅಲಿಯವರ ಹೆಸರಿನ ಪಕ್ಷಿವಿಜ್ಞಾನ ಕೇಂದ್ರವಿದೆ. ಅಲ್ಲಿನವರೂ ಕಾಡಿಗೆ ಹೋಗುವವರೇ. ತಮಿಳುನಾಡು ಸರಕಾರ 2024ರಲ್ಲಿ 40 ಚಾರಣದಾರಿಗಳನ್ನು ಗೊತ್ತುಮಾಡಿ, ಕಾಡಂಚಿನವರನ್ನೇ ಮಾರ್ಗದರ್ಶಕರನ್ನಾಗಿ ನೇಮಿಸಿತು. ಒಳ್ಳೆಯ ಏರ್ಪಾಡೇ. ಕಾಸು ಕೊಟ್ಟು ಚೀಟಿ ಪಡೆದೆವಾದ್ದರಿಂದ ಋಣ ತೀರಿತೆಂದು ಭಾವಿಸುವವರೂ ಇದ್ದಾರು. ಆ ಭಾವನೆಯನ್ನು ಮಾತ್ರ ನಾನು ಒಪ್ಪಲಾರೆ.

ಇದನ್ನೆಲ್ಲ ಆ ಹುಡುಗನಿಗೆ ಹೇಳಿದೆ, ನನ್ನ ಟಾರ್ಚಿನ ಕಥೆಯನ್ನೂ ಬಿಡದೆ. ಅವನು ಬೇರೇನೂ ಕೇಳಲಿಲ್ಲ. ಆಮೇಲೆ ಆ ತಾತನನ್ನು ನೋಡಲು ಹೋದಿರಾ ಎಂದಷ್ಟೇ ಕೇಳಿದ. ಹೋಗಿದ್ದೆ, ಆದರೆ ಬಹಳ ವರ್ಷಗಳ ಮೇಲೆ. ಅಷ್ಟರಲ್ಲಿ ಆ ಕಣಿವೆಯಲ್ಲಿ ಇಟ್ಟಿಗೆಗಾಗಿ ಕೆಮ್ಮಣ್ಣು ಅಗೆಯುವ ಕೆಲಸ ಬೆಳೆದಿತ್ತು. ಗೂಡುಗಳನ್ನು 2021ರಲ್ಲಿ ಮುಚ್ಚಿಸಿದರು. ತೋಡಿದ ಹಳ್ಳಗಳು ಒಂದು ಆಜ್ಞೆಯಿಂದ ತುಂಬುವಂಥವಲ್ಲ. ಆ ಹೊಲವಿದ್ದ ಕಡೆಯಲ್ಲಿಯೂ ಒಂದು ಹಳ್ಳವಿತ್ತು. ಅವರ ಹೆಸರನ್ನು ನಾನು ಅಂದು ಕೇಳಿರಲಿಲ್ಲವಾಗಿ, ಯಾರನ್ನು ಎಲ್ಲಿ ವಿಚಾರಿಸುವುದೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತಿದ್ದು ಹಿಂದಿರುಗಿದೆ.