ಅಳಿದದ್ದೆಲ್ಲ ಅಯೋಗ್ಯವೇ?

ಕೊಯಮತ್ತೂರಿನ ಒಂದು ಮದುವೆಮನೆಯಲ್ಲಿ, ಕಂಪ್ಯೂಟರ್ ಓದಿದ ಅಣ್ಣನ ಮಗ ತಮಿಳು ಬೆರೆಸಿ ಹೇಳಿದ: “ಚಿಕ್ಕಪ್ಪ, ಯೋಗ್ಯವಾದದ್ದು ಉಳಿಯುತ್ತೆ, ಅಲ್ಲದ್ದು ಅಳಿಯುತ್ತೆ. ನಮ್ಮ ಮನೆಮಾತು ಹೋದರೆ ಅಳೋದು ಯಾಕೆ?” ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ದೇವಾಂಗ ನೇಕಾರರ, ಒಕ್ಕಲಿಗರ ಎಷ್ಟೋ ಮನೆಗಳಲ್ಲಿ ಕನ್ನಡವಿರುವುದು ಅಡುಗೆಮನೆಯಲ್ಲಿ, ಓದುಬರಹವೆಲ್ಲ ತಮಿಳು. ಮಾತು ಚುಚ್ಚಿತು. ಆದರೆ ಡಾರ್ವಿನ್ನನ ಹೆಸರು ಹಿಡಿದು ಬಂದ ಮಾತಿಗೆ ಸಿಟ್ಟು ಉತ್ತರವಾಗದು.

ತನ್ನ ಮಾತಿಗೆ ಸಾಕ್ಷಿಯೆಂದು ಅವನು ಪರದೆಯ ಮೇಲೆ ತೋರಿಸಿದ್ದು, ರಿಚರ್ಡ್ ಡಾಕಿನ್ಸ್ 1986ರ ಪುಸ್ತಕದಲ್ಲಿ ವಿವರಿಸಿದ ಆಟ. ಅರ್ಥವಿಲ್ಲದ ಅಕ್ಷರಗಳ ಸಾಲೊಂದನ್ನು ಯಂತ್ರ ಮತ್ತೆ ಮತ್ತೆ ನಕಲು ಮಾಡುತ್ತದೆ. ನಡುನಡುವೆ ಅಕ್ಷರ ತಪ್ಪುತ್ತದೆ. ಷೇಕ್ಸ್‌ಪಿಯರನ ಒಂದು ಸಾಲಿಗೆ ಹತ್ತಿರ ಬಂದ ನಕಲನ್ನು ಇಟ್ಟುಕೊಂಡು ಮಿಕ್ಕದ್ದನ್ನು ಬಿಸಾಡುತ್ತದೆ. ಡಾಕಿನ್ಸರ ಮೊದಲ ಸರದಿಯಲ್ಲಿ 43 ತಲೆಮಾರಿಗೆ ಸಾಲು ಸರಿಬಂತು. ಚೆಂದವೇ. ಆದರೆ ಸೇರಬೇಕಾದ ಗುರಿಯನ್ನು ಯಂತ್ರದೊಳಗೆ ಮೊದಲೇ ಇಟ್ಟವರಾರು? ನಿಸರ್ಗಕ್ಕೆ ಅಂಥ ದೂರದ ಗುರಿಯಿಲ್ಲವೆಂದು ಡಾಕಿನ್ಸರೇ ಒಪ್ಪಿದ್ದಾರೆ.

ಗುರಿಯಿಟ್ಟು ಆರಿಸುವುದನ್ನು ನೋಡಲು ನಮ್ಮೂರಿನಲ್ಲೇ 1912ರಿಂದ ಕಬ್ಬು ತಳಿ ಸಂಸ್ಥೆ ಇದೆ. ರಸಗಬ್ಬಿಗೆ ಇಲ್ಲಿನದೇ ಒಂದು ಕಾಡುಕಬ್ಬನ್ನು ಕೂಡಿಸಿ ಪಡೆದ ಕೋ 205 ತಳಿ 1918ರಲ್ಲಿ ಹೊರಬಂದು ಪಂಜಾಬಿನ ಹೊಲಗಳಲ್ಲಿ ನೆಲೆಯೂರಿತು. ಆ ಕಾಡುಕಬ್ಬು ಹುಲ್ಲಿನಂತೆ ತೆಳ್ಳಗಿನದು. ಸಿಹಿಯೊಂದನ್ನೇ ಅಳೆದಿದ್ದರೆ ಕಳೆಯೆಂದು ಕಿತ್ತೆಸೆಯುತ್ತಿದ್ದರು.

ನಾನು ಹುಡುಗನಿಗೆ ಗುರಿಯೇ ಇಲ್ಲದ ಇನ್ನೊಂದು ಆಟ ಹೇಳಿಕೊಟ್ಟೆ. ಚೀಲದಲ್ಲಿ 10 ಕೆಂಪು, 10 ಬಿಳಿ ಮಣಿ. ಕಣ್ಣುಮುಚ್ಚಿ ಒಂದನ್ನು ತೆಗೆದು, ಬಣ್ಣ ಬರೆದುಕೊಂಡು, ಹಿಂದಕ್ಕೆ ಹಾಕಬೇಕು. ಹೀಗೆ 20 ಸಲ ಬಂದ ಬಣ್ಣಗಳೇ ಮುಂದಿನ ತಲೆಮಾರು. ಯಾವ ಬಣ್ಣಕ್ಕೂ ಹೆಚ್ಚುಗಾರಿಕೆ ಇಲ್ಲ. ಆದರೂ ಸರಾಸರಿ 28 ತಲೆಮಾರಿನೊಳಗೆ ಒಂದು ಬಣ್ಣ ಪೂರ್ತಿ ಮಾಯ! ಮಣಿಗಳು 200 ಆದರೆ ಅದಕ್ಕೆ ಸುಮಾರು ಹತ್ತರಷ್ಟು ಕಾಲ ಬೇಕು. ಅಳಿದ ಬಣ್ಣದ ತಪ್ಪೇನು? ಮಂದಿ ಕಡಮೆಯಿದ್ದದ್ದು, ಅಷ್ಟೆ. ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೆ.ಬಿ.ಎಸ್. ಹಾಲ್ಡೇನ್ 1927ರಲ್ಲಿ ಇನ್ನೂ ಬೆರಗಿನ ಲೆಕ್ಕವೊಂದನ್ನು ಕೊಟ್ಟಿದ್ದರು: ಒಂದೇ ಜೀವಿಯಲ್ಲಿ ಹೊಸದಾಗಿ ಹುಟ್ಟಿದ ಗುಣ ನೂರಕ್ಕೆ ಐದರಷ್ಟು ಲಾಭ ತರುವಂಥದ್ದಾದರೂ, ಹತ್ತರಲ್ಲಿ ಒಂಬತ್ತು ಸಲ ಅಳಿದೇ ಹೋಗುತ್ತದೆ. ಒಳ್ಳೆಯದೂ ಅಳಿಯುತ್ತದೆ, ಬರಿಯ ಆಕಸ್ಮಿಕದಿಂದ.

ಭಾಷೆ ಮಣಿಯಲ್ಲ, ನಿಜ. ಈ ಹೋಲಿಕೆಯನ್ನು ನಾನೂ ಬಹಳ ಎಳೆಯಲಾರೆ. ಮಣಿಗೆ ಇಷ್ಟಾನಿಷ್ಟವಿಲ್ಲ, ಮಗುವಿನೊಡನೆ ಯಾವ ಮಾತಾಡಬೇಕೆಂದು ತೀರ್ಮಾನಿಸುವವರು ಅಪ್ಪ ಅಮ್ಮ. ಶಾಲೆ, ಗಿರಣಿ, ಬಜಾರಿನ ಒತ್ತಡಕ್ಕೆ ಮಣಿದು ಕನ್ನಡ ಬಿಟ್ಟವರನ್ನು ನಾನು ಹಳಿಯುವುದಿಲ್ಲ. ನನ್ನ ಮನೆಯಲ್ಲೂ ಅದು ನಡೆದಿದೆ. ಆದರೆ ಬಿಟ್ಟವರು ನಾವಾಗಿ, ಅಯೋಗ್ಯತೆಯ ಪಟ್ಟವನ್ನು ಭಾಷೆಗೆ ಕಟ್ಟಿ, ತೀರ್ಪನ್ನು ಡಾರ್ವಿನ್ನನ ಬಾಯಿಂದ ಹೇಳಿಸುವುದು ಯಾವ ನ್ಯಾಯ?

ಹುಡುಗ ಸುಮ್ಮನೆ ಮಣಿಗಳ ಸಂಖ್ಯೆ ಬದಲಿಸಿ ನೋಡುತ್ತಿದ್ದ. ಅಷ್ಟರಲ್ಲಿ ಪಂಕ್ತಿ ಕೂತಿತೆಂದು ಅತ್ತಿಗೆ ಕನ್ನಡದಲ್ಲಿ ಕರೆದರು. ಅವನು ತಮಿಳಿನಲ್ಲಿ ಓಗೊಟ್ಟ.