ಚೂರುಗಳನ್ನು ಒಟ್ಟುಗೂಡಿಸೋಣ



ಐದು ರೊಟ್ಟಿ, ಎರಡು ಮೀನುಗಳಿಂದ ಐದು ಸಾವಿರ ಮಂದಿಯ ಹಸಿವು ತಣಿಸಿದ ಯೇಸುಸ್ವಾಮಿಯ ಪವಾಡ ನಮಗೆಲ್ಲ ಚಿಕ್ಕಂದಿನಿಂದಲೂ ಗೊತ್ತು. ಆದರೆ ಜನ ಉಂಡು ತೃಪ್ತರಾದ ಮೇಲೆ ನಡೆದ ಒಂದು ಸಣ್ಣ ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಮಿಕ್ಕುಳಿದ ಚೂರುಪಾರನ್ನೆಲ್ಲ ಆರಿಸಿ ತರುವಂತೆ ಪ್ರಭು ತಮ್ಮ ಶಿಷ್ಯರಿಗೆ ಅಪ್ಪಣೆ ಮಾಡಿದರೆಂದು ಸಂತ ಯೊವಾನ್ನರು ತಮ್ಮ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಬರೆದಿದ್ದಾರೆ. ಹಾಗೆ ಆರಿಸಿದ್ದು ಹನ್ನೆರಡು ಬುಟ್ಟಿ ತುಂಬಿತು. ಐದು ರೊಟ್ಟಿಯನ್ನು ಸಾವಿರಾರು ಮಂದಿಗೆ ಸಾಲುವಂತೆ ಮಾಡಿದವರಿಗೆ ಹುಲ್ಲಿನ ಮೇಲೆ ಬಿದ್ದ ಚೂರುಗಳ ಚಿಂತೆ ಏಕೆ? ದೇವರ ಕೈಯಿಂದ ಬಂದ ಕೊಡುಗೆಯಲ್ಲಿ ಪೋಲು ಮಾಡಬಹುದಾದ ಚೂರು ಎಂಬುದು ಇಲ್ಲ ಎಂದು ತೋರಿಸುವುದಕ್ಕಾಗಿಯೇ ಅಲ್ಲವೇ?

ಈ ವಾರ ಈ ಮಾತನ್ನು ನಮ್ಮ ಮನೆಯ ನೆನಪುಗಳಿಗೆ ಅನ್ವಯಿಸಿ ಚಿಂತಿಸೋಣ. ಇದಕ್ಕೆ ಸಾಧನವಾಗಿ ಒಂದು ಸರಳವಾದ ಕೈಗೆಲಸವನ್ನು ಎತ್ತಿಕೊಳ್ಳುತ್ತೇನೆ. ಅದರ ಹೆಸರು ಸ್ಕ್ರ್ಯಾಪ್ ಬುಕ್. ನಮ್ಮ ಊರುಗಳಲ್ಲಿ ಸ್ಕ್ರ್ಯಾಪ್ ಎಂದರೆ ಗುಜರಿ. ಆದರೆ ಆ ಪದದ ಮೂಲ ಅರ್ಥ ಚೂರು, ತುಂಡು ಎಂದೇ. ಕುಟುಂಬದ ಫೋಟೋಗಳು, ಮದುವೆಯ ಕರೆಯೋಲೆ, ಮಗುವಿನ ಮೊದಲ ಕೈಬರಹ, ಹಳೆಯ ರೈಲು ಟಿಕೆಟ್ಟು ಇವೇ ಮೊದಲಾದ ಚೂರುಗಳನ್ನು ಚಿತ್ತಾರದ ಕಾಗದದ ಮೇಲೆ ಅಂದವಾಗಿ ಜೋಡಿಸಿ, ಪಕ್ಕದಲ್ಲಿ ನಾಲ್ಕು ಸಾಲು ಬರೆದು, ಅಂಚಿಗೆ ಸೂಜಿದಾರದಿಂದ ಕೈಹೊಲಿಗೆ ಹಾಕಿ ಪುಟಪುಟವಾಗಿ ಕಟ್ಟುವ ಪುಸ್ತಕ ಅದು.

ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪು ಮತ್ತು ಅಮೆರಿಕದ ಮನೆಗಳಲ್ಲಿ ಈ ಹವ್ಯಾಸ ಬಹಳ ಹಬ್ಬಿತ್ತು. ಮಾರ್ಕ್ ಟ್ವೈನ್ ಎಂಬ ಹೆಸರಿನಿಂದ ಪ್ರಸಿದ್ಧನಾದ ಅಮೆರಿಕದ ಲೇಖಕ, ಮೊದಲೇ ಅಂಟು ಹಚ್ಚಿದ ಪುಟಗಳಿರುವ ಸ್ಕ್ರ್ಯಾಪ್ ಬುಕ್ಕಿಗೆ 1873ರಲ್ಲಿ ಪೇಟೆಂಟ್ ಪಡೆದಿದ್ದ. 1980ರಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಕುಟುಂಬ ದಾಖಲೆಗಳ ಕುರಿತು ನಡೆದ ವಿಶ್ವ ಸಮ್ಮೇಳನದಲ್ಲಿ ಮೇರಿಯೆಲೆನ್ ಕ್ರಿಸ್ಟೆನ್ಸೆನ್ ಎಂಬ ಗೃಹಿಣಿ ತಮ್ಮ ಮನೆಯವರೊಂದಿಗೆ ಸಿದ್ಧಪಡಿಸಿದ್ದ ಆಲ್ಬಂಗಳನ್ನು ಪ್ರದರ್ಶಿಸಿದ ಮೇಲೆ ಈ ಕೆಲಸ ಮತ್ತೆ ಹೊಸ ಜೀವ ಪಡೆಯಿತು.

ಇದೆಲ್ಲ ನಮಗೇಕೆ ಎಂದು ನೀವು ಕೇಳಬಹುದು. ಇಂದು ಫೋಟೋಗಳಿಗೆ ಬರವಿಲ್ಲ. ಒಂದು ಮದುವೆ ಮುಗಿಯುವಷ್ಟರಲ್ಲಿ ಮೊಬೈಲ್ ಫೋನಿನಲ್ಲಿ ನೂರಾರು ಚಿತ್ರಗಳು ತುಂಬಿರುತ್ತವೆ. ಆದರೆ ಅವುಗಳಲ್ಲಿ ಎಷ್ಟನ್ನು ನಾವು ಎರಡನೆಯ ಸಲ ನೋಡುತ್ತೇವೆ? ಫೋನು ಕೆಟ್ಟರೆ ಅವು ಎಲ್ಲಿರುತ್ತವೆ? ಕೂಡಿಟ್ಟದ್ದು ಬೇರೆ, ನೆನಪಿಟ್ಟದ್ದು ಬೇರೆ. ಮಾತೆ ಮರಿಯಮ್ಮನವರು ಕುರುಬರು ಹೇಳಿದ್ದನ್ನೂ, ಮುಂದೆ ದೇವಾಲಯದಲ್ಲಿ ಬಾಲಯೇಸು ಹೇಳಿದ್ದನ್ನೂ ಹೃದಯದಲ್ಲಿ ಇಟ್ಟುಕೊಂಡು ಮನನ ಮಾಡುತ್ತಿದ್ದರೆಂದು ಸಂತ ಲೂಕರು ತಿಳಿಸುತ್ತಾರೆ. ಆಗ ಎಲ್ಲವೂ ಆ ತಾಯಿಗೆ ಅರ್ಥವಾಗಿರಲಿಲ್ಲ. ಆದರೂ ಒಂದು ಚೂರನ್ನೂ ಬಿಸಾಡಲಿಲ್ಲ. ಪುಟ ಕಟ್ಟಲು ಕುಳಿತವರು ಮಾಡಬೇಕಾದದ್ದೂ ಇದನ್ನೇ. ನೂರು ಚಿತ್ರಗಳಲ್ಲಿ ಮೂರನ್ನು ಆರಿಸಬೇಕು. ಆರಿಸಬೇಕಾದರೆ ನೋಡಬೇಕು. ನೋಡುತ್ತಿದ್ದಂತೆ, ಅಂದು ನಮಗೆ ಉಪಕಾರ ಮಾಡಿದವರ ಮುಖಗಳು ಎದುರಿಗೆ ಬರುತ್ತವೆ. ಅಲ್ಲಿಂದಲೇ ಕೃತಜ್ಞತೆಯ ಪ್ರಾರ್ಥನೆ ಆರಂಭವಾಗುತ್ತದೆ.

ಕತ್ತರಿಸಿ ತೆಗೆದ ಮುಖಗಳು

ಆಲ್ಬಂ ಜೋಡಿಸುವಾಗ ಒಂದು ದೊಡ್ಡ ಶೋಧನೆ ಕಾಡುತ್ತದೆ. ಕೈಯಲ್ಲಿ ಕತ್ತರಿ ಇರುತ್ತದೆಯಲ್ಲ! ಮನೆಯವರ ಮಾತು ಮೀರಿ ಮದುವೆಯಾದ ಮಗಳು, ಕುಡಿತಕ್ಕೆ ಬಲಿಯಾದ ತಮ್ಮ, ಆಸ್ತಿಯ ಪಾಲಿಗಾಗಿ ಕೋರ್ಟು ಮೆಟ್ಟಿಲು ಹತ್ತಿದ ಅಣ್ಣ, ಇವರ ಮುಖ ಚಿತ್ರದಲ್ಲಿ ಕಂಡೊಡನೆ ಕೈ ಬಿಗಿಯುತ್ತದೆ. ಕೆಲವರು ನಿಜವಾಗಿಯೂ ಕತ್ತರಿಸುತ್ತಾರೆ. ಇನ್ನು ಕೆಲವರು ಆ ಫೋಟೋವನ್ನೇ ಪೆಟ್ಟಿಗೆಯ ತಳಕ್ಕೆ ಸೇರಿಸುತ್ತಾರೆ. ಮಕ್ಕಳು ದೊಡ್ಡವರಾಗಿ, ಅಜ್ಜಿಯ ಪಕ್ಕದಲ್ಲಿ ನಿಂತವರು ಯಾರು ಎಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ.

ಸಂತ ಮತ್ತಾಯರ ಶುಭಸಂದೇಶದ ಮೊದಲನೆಯ ಪುಟವನ್ನು ತೆರೆದು ನೋಡಿ. ಅದು ನಮ್ಮ ಪ್ರಭುವಿನ ಕುಟುಂಬದ ಆಲ್ಬಂ. ಪೂಜೆಯಲ್ಲಿ ಆ ವಂಶಾವಳಿಯನ್ನು ಓದುವಾಗ ನಮಗೆ ಬೇಸರ ಬರುವುದುಂಟು. ಆದರೆ ಅದರಲ್ಲಿ ಯಾರು ಯಾರಿದ್ದಾರೆ? ಮಾವನಿಂದ ಅನ್ಯಾಯಕ್ಕೆ ಒಳಗಾದ ತಾಮಾರಳು ಇದ್ದಾಳೆ. ಯೆರಿಕೋವಿನ ರಹಾಬಳು ಇದ್ದಾಳೆ. ಪರನಾಡಿನಿಂದ ಸೊಸೆಯಾಗಿ ಬಂದ ರೂತಳು ಇದ್ದಾಳೆ. ದಾವೀದನ ಹೆಸರಿನ ಜೊತೆಯಲ್ಲಿಯೇ ಊರೀಯನ ಹೆಂಡತಿಯ ಪ್ರಸ್ತಾಪವೂ ಇದೆ. ಆ ಒಂದು ಮಾತಿನಲ್ಲಿ ದಾವೀದನ ಪಾಪವೆಲ್ಲ ನೆನಪಾಗುತ್ತದೆ. ಕತ್ತರಿ ಆಡಿಸಿದ್ದರೆ ಪಟ್ಟಿ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಪವಿತ್ರಾತ್ಮರ ಪ್ರೇರಣೆಯಿಂದ ಬರೆದವರು ಯಾರನ್ನೂ ಕತ್ತರಿಸಲಿಲ್ಲ. ರಕ್ಷಣೆಯ ಚರಿತ್ರೆ ಅವರೆಲ್ಲರ ಮೂಲಕವೇ ಹರಿದು ಬಂದಿತು.

ಹಾಗೆಂದ ಮಾತ್ರಕ್ಕೆ ಮಾಡಿದ ತಪ್ಪನ್ನು ಸರಿಯೆಂದು ಹೇಳಬೇಕಾಗಿಲ್ಲ. ನ್ಯಾಯ ಅನ್ಯಾಯಗಳ ಲೆಕ್ಕ ಮರೆಯಬೇಕಾಗಿಯೂ ಇಲ್ಲ. ಹಿಂಸೆ ಕೊಟ್ಟವರನ್ನು ಮತ್ತೆ ಮನೆಯೊಳಗೆ ಕರೆದು ಕೂರಿಸಿ ಎಂದು ಯಾರೂ ಒತ್ತಾಯಿಸುವಂತಿಲ್ಲ. ಆದರೆ ಅವರು ಹುಟ್ಟಲೇ ಇಲ್ಲವೆಂಬಂತೆ ನಡೆದುಕೊಳ್ಳುವುದು ಸುಳ್ಳು. ಸುಳ್ಳಿನ ಮೇಲೆ ಕಟ್ಟಿದ ಆಲ್ಬಂ ಎಷ್ಟು ಚಿತ್ತಾರದ ಕಾಗದ ಹಚ್ಚಿದರೂ ಖಾಲಿ. ಮುಖ ನೋಡಲು ಮನಸ್ಸು ಒಪ್ಪದಿದ್ದರೆ, ಪುಟದಲ್ಲಿ ಒಂದು ಚಿಕ್ಕ ಕಾಗದದ ಜೇಬು ಹೊಲಿದು ಆ ಫೋಟೋವನ್ನು ಅದರೊಳಗೆ ಇಡಿ. ಮೇಲೆ ಹೆಸರು ಮಾತ್ರ ಬರೆಯಿರಿ. ಹೊರಗೆ ತೆಗೆಯುವ ದಿನ ಬರಬಹುದು. ಬರಲಿ ಎಂದು ಪ್ರಾರ್ಥಿಸಬಹುದು.

ಕಾಗದದ ಮೇಲಿನ ಸೂಜಿ

ಬಟ್ಟೆ ಹೊಲಿದು ಅಭ್ಯಾಸವಿರುವ ಅಕ್ಕತಂಗಿಯರಿಗೆ ಕಾಗದ ಹೊಲಿಯುವುದು ಮೊದಲು ಸುಲಭವೆನಿಸುತ್ತದೆ. ಎರಡರ ಸ್ವಭಾವ ಮಾತ್ರ ಬೇರೆ. ಬಟ್ಟೆಯಲ್ಲಿ ತಪ್ಪು ಹೊಲಿಗೆ ಬಿಚ್ಚಿ ಬೆರಳಿನಿಂದ ಉಜ್ಜಿದರೆ ನೂಲುಗಳು ಸರಿದುಕೊಂಡು ತೂತು ಬಹುಮಟ್ಟಿಗೆ ಮುಚ್ಚಿಹೋಗುತ್ತದೆ. ಕಾಗದದಲ್ಲಿ ಹಾಗಲ್ಲ. ಒಮ್ಮೆ ಬಿದ್ದ ತೂತು ಉಳಿದೇ ಉಳಿಯುತ್ತದೆ. ಆದುದರಿಂದ ಕಾಗದ ಹೊಲಿಯುವವರು ಮೊದಲು ಪೆನ್ಸಿಲಿನಿಂದ ತೆಳುವಾಗಿ ಗೆರೆ ಎಳೆದು, ಅಳತೆ ನೋಡಿ ಚುಕ್ಕಿ ಇಟ್ಟು, ದಪ್ಪ ಸೂಜಿಯಿಂದ ತೂತು ಮಾಡಿ, ಆಮೇಲೆ ದಾರ ಪೋಣಿಸುತ್ತಾರೆ. ಇನ್ನೊಂದು ಎಚ್ಚರಿಕೆಯೂ ಉಂಟು. ಹೊಲಿಗೆ ತೀರಾ ಒತ್ತೊತ್ತಾಗಿ ಬಿದ್ದರೆ ಕಾಗದ ಗಟ್ಟಿಯಾಗುವುದಿಲ್ಲ. ಅಂಚೆಚೀಟಿಯ ಹಾಳೆಯಂತೆ ತೂತಿನ ಸಾಲಿನುದ್ದಕ್ಕೂ ಹರಿದುಬರುತ್ತದೆ. ದಾರವನ್ನು ಜಗ್ಗಿ ಎಳೆದರೂ ಹಾಗೆಯೇ.

ನಮ್ಮ ಸಂಸಾರದಲ್ಲಿ ಆಡುವ ಮಾತುಗಳೂ ಹೀಗೆಯೇ ಅಲ್ಲವೇ? ಕೋಪದಲ್ಲಿ ಗಂಡ ಹೆಂಡತಿಗೆ, ಅತ್ತೆ ಸೊಸೆಗೆ, ತಂದೆ ಮಗನಿಗೆ ಆಡಿದ ಒಂದು ಮಾತು ಬಟ್ಟೆಯಲ್ಲಿನ ತೂತಲ್ಲ, ಕಾಗದದಲ್ಲಿನ ತೂತು. ಆಮೇಲೆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೂ ಗುರುತು ಇರುತ್ತದೆ. ಇನ್ನು ಕೆಲವರು ಒಳ್ಳೆಯದಕ್ಕೇ ಹೇಳುತ್ತೇವೆಂದುಕೊಂಡು ದಿನ ಬೆಳಗಾದರೆ ಮಕ್ಕಳಿಗೆ ಬುದ್ಧಿವಾದದ ಮೇಲೆ ಬುದ್ಧಿವಾದ ಚುಚ್ಚುತ್ತಿರುತ್ತಾರೆ. ಹೊಲಿಗೆ ಒತ್ತಾಯಿತು. ಸಂಬಂಧ ಆ ಗೆರೆಯಲ್ಲೇ ಹರಿಯಿತು. ಮಾತಾಡುವ ಮುನ್ನ ಪೆನ್ಸಿಲಿನ ಗೆರೆಯಂತೆ ಒಂದು ಕ್ಷಣದ ಮೌನ ಬೇಕು. ಎರಡು ಮಾತುಗಳ ನಡುವೆ ಜಾಗವೂ ಬೇಕು. ಹಾಗಿದ್ದರೂ ಹಳೆಯ ತೂತುಗಳಿಗೆ ಏನು ಮಾಡುವುದು? ನುರಿತವರು ಆ ತೂತಿನ ಮೂಲಕವೇ ಹೊಸ ದಾರ ಹಾಯಿಸಿ ಒಂದು ಹೂವಿನ ಎಸಳನ್ನೋ ಎಲೆಯನ್ನೋ ಕಸೂತಿ ಮಾಡುತ್ತಾರೆ. ಕ್ಷಮೆ ಕೇಳುವುದು ಮತ್ತು ಕ್ಷಮಿಸುವುದು ಎಂದರೆ ಇದೇ. ಉತ್ಥಾನರಾದ ಪ್ರಭುವಿನ ಕೈಗಳಲ್ಲಿಯೂ ಮೊಳೆಗಳ ಗುರುತು ಉಳಿದೇ ಇತ್ತು ಎಂಬುದನ್ನು ಮರೆಯದಿರೋಣ.

ಹೊಲಿಗೆಯ ನೆನಪು ಎಷ್ಟು ದೊಡ್ಡದು ಎನ್ನುವುದಕ್ಕೆ ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯ ಓದಿ. ಜೊಪ್ಪದ ತಬಿಥಳು ತೀರಿಕೊಂಡಾಗ ಸಂತ ಪೇತ್ರರ ಸುತ್ತ ನಿಂತ ವಿಧವೆಯರು ಅವಳ ಗುಣಗಾನಕ್ಕೆ ಮಾತು ಹುಡುಕಲಿಲ್ಲ. ಅವಳು ತಮಗೆ ಹೊಲಿದುಕೊಟ್ಟ ಬಟ್ಟೆಗಳನ್ನು ಎತ್ತಿ ತೋರಿಸಿ ಅತ್ತರು. ಬಡವರ ಮೈಮೇಲಿದ್ದ ಆ ಬಟ್ಟೆಗಳೇ ಅವಳ ಆಲ್ಬಂ.

ಅರ್ಧ ಹೃದಯ

ಕಾಗದಕ್ಕೆ ಸೇರಿಸಿದ ಬಟ್ಟೆಯ ಚೂರೊಂದು ಏನು ಮಾಡಬಲ್ಲದು ಎಂಬುದಕ್ಕೆ ಲಂಡನ್ ನಗರದ ಒಂದು ನಿಜ ಸಂಗತಿ ಇದೆ. ಥಾಮಸ್ ಕೋರಮ್ ಎಂಬ ಹಡಗಿನ ಕಪ್ತಾನ, ಬೀದಿಯಲ್ಲಿ ಸಾಯುತ್ತಿದ್ದ ಶಿಶುಗಳನ್ನು ಕಂಡು ಮರುಗಿ, ವರುಷಗಟ್ಟಲೆ ಓಡಾಡಿ 1739ರಲ್ಲಿ ಫೌಂಡ್ಲಿಂಗ್ ಹಾಸ್ಪಿಟಲ್ ಎಂಬ ಅನಾಥಾಲಯಕ್ಕೆ ರಾಜನ ಅಪ್ಪಣೆ ಪಡೆದ. 1741ರಲ್ಲಿ ಅಲ್ಲಿ ಮೊದಲ ಮಕ್ಕಳನ್ನು ಸೇರಿಸಿಕೊಂಡರು. ಸಾಕಲಾರದ ತಾಯಂದಿರು ಮಗುವನ್ನು ಅಲ್ಲಿ ಒಪ್ಪಿಸಿ ಹೋಗುತ್ತಿದ್ದರು. ಮಗುವಿಗೆ ಹೊಸ ಹೆಸರು ಇಡುತ್ತಿದ್ದರು. ಮುಂದೆಂದಾದರೂ ತಾಯಿ ಮರಳಿ ಬಂದರೆ ಗುರುತು ಹಿಡಿಯಲೆಂದು, ಮಗುವಿನ ದಾಖಲೆಯ ಕಾಗದಕ್ಕೆ ಒಂದು ಚೂರು ಬಟ್ಟೆಯನ್ನು ಸೂಜಿಪಿನ್ನಿನಿಂದ ಚುಚ್ಚಿಡುತ್ತಿದ್ದರು. ಹೂಬಳ್ಳಿಯ ಅಚ್ಚಿನ ಹತ್ತಿಬಟ್ಟೆ, ಪಟ್ಟೆಪಟ್ಟೆಯ ಬಟ್ಟೆ, ರಿಬ್ಬನ್ನಿನ ತುಂಡು, ಹೀಗೆ ಸುಮಾರು 5000 ಚೂರುಗಳು ಇಂದಿಗೂ ಲಂಡನ್ನಿನ ದಾಖಲೆಗಳಲ್ಲಿ ಉಳಿದಿವೆ.

1767ರಲ್ಲಿ ಸಾರಾ ಬೆಂಡರ್ ಎಂಬ ತಾಯಿ ತನ್ನ ಗಂಡುಮಗು ಚಾರ್ಲ್ಸ್‌ನನ್ನು ಅಲ್ಲಿ ಬಿಟ್ಟಳು. ಬಗೆಬಗೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದು, ಅದರ ಮೇಲೆ ಒಂದು ಹೃದಯದ ಆಕಾರವನ್ನು ಕಸೂತಿ ಮಾಡಿದ್ದ ಚೂರೊಂದನ್ನು ಎರಡಾಗಿ ಕತ್ತರಿಸಲಾಗಿತ್ತು. ಒಂದರ್ಧ ಮಗುವಿನ ಕಾಗದದ ಜೊತೆ ಉಳಿಯಿತು. ಮಗುವಿಗೆ ಬೆಂಜಮಿನ್ ಎಂಬ ಬೇರೆ ಹೆಸರು ಬಂತು. ಎಂಟು ವರುಷಗಳಾದ ಮೇಲೆ, 1775ರಲ್ಲಿ, ಆ ತಾಯಿ ಮರಳಿ ಬಂದಳು. ಮಗ ಬದುಕಿದ್ದ. ಅವಳಿಗೆ ಅವನು ಸಿಕ್ಕಿದ. ಇದು ಎಷ್ಟು ಅಪರೂಪವೆಂದರೆ, 1741ರಿಂದ 1760ರವರೆಗೆ ಅಲ್ಲಿ ಸೇರಿದ 16,282 ಮಕ್ಕಳಲ್ಲಿ ತಾಯ್ತಂದೆಯರು ಮರಳಿ ಕರೆದೊಯ್ದದ್ದು 152 ಮಕ್ಕಳನ್ನು ಮಾತ್ರ.

ಉಳಿದ ಸಾವಿರಾರು ಚೂರುಗಳ ಕಥೆ ನೆನೆದರೆ ಎದೆ ಭಾರವಾಗುತ್ತದೆ. ಎಷ್ಟೋ ಮಕ್ಕಳು ಶೈಶವದಲ್ಲೇ ತೀರಿಹೋದರು. ಕಾದಿಟ್ಟ ಗುರುತನ್ನು ಕೇಳಲು ಯಾರೂ ಬರಲಿಲ್ಲ. ಹಾಗಾದರೆ ಆ ಚೂರುಗಳು ವ್ಯರ್ಥವೇ? ಪ್ರವಾದಿ ಯೆಶಾಯರ ಗ್ರಂಥದ ನಲವತ್ತೊಂಬತ್ತನೆಯ ಅಧ್ಯಾಯದಲ್ಲಿ ದೇವರು ಇದಕ್ಕೆ ಉತ್ತರ ಕೊಡುತ್ತಾರೆ. ಹೆತ್ತ ತಾಯಿ ಮರೆತರೂ ತಾವು ಮರೆಯಲಾರೆವೆಂದೂ, ನಮ್ಮನ್ನು ತಮ್ಮ ಅಂಗೈಯಲ್ಲೇ ಕೆತ್ತಿಕೊಂಡಿರುವೆವೆಂದೂ ಅವರು ಭಾಷೆ ಕೊಟ್ಟಿದ್ದಾರೆ. ಮನುಷ್ಯರು ಮರಳಿ ಬಾರದ ಕಡೆಯಲ್ಲಿಯೂ ದೇವರ ಕೈಯಲ್ಲಿ ಇನ್ನೊಂದು ಅರ್ಧ ಜೋಪಾನವಾಗಿದೆ. ಹುಟ್ಟದೆ ಹೋದ ಕಂದನಿಗಾಗಿ ಅತ್ತ ತಾಯಿಯರೇ, ಮನೆ ಬಿಟ್ಟು ಹೋದ ಮಗನ ದಾರಿ ಕಾಯುತ್ತಿರುವ ತಂದೆಯರೇ, ಇದು ನಿಮಗಾಗಿ ಹೇಳಿದ ಮಾತು. ನಿಮ್ಮ ಪಾಲಿನ ಅರ್ಧವನ್ನು ಬಿಸಾಡಬೇಡಿ.

ಮನೆಯಲ್ಲಿ ಮಾಡಿ ನೋಡಿ

ಇದಕ್ಕೆ ಹೆಚ್ಚು ಖರ್ಚು ಬೇಡ. ಅಂಗಡಿಯ ದುಬಾರಿ ಅಲಂಕಾರವೂ ಬೇಡ. ಅಲಂಕಾರ ಹೆಚ್ಚಾದರೆ ಮುಖವೇ ಮರೆಯಾಗುತ್ತದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಸಮುದಾಯದ ತಾಯಂದಿರು ಹರಿದ ಸೀರೆ, ಅಂಗಿಗಳ ತುಂಡುಗಳಿಂದಲೇ ಕೌದಿ ಹೊಲಿಯುತ್ತಾರೆ. ಅವರಲ್ಲಿ ಕಥೋಲಿಕರಾದವರು ಅದರಲ್ಲಿ ಶಿಲುಬೆಯ ಆಕಾರದ ತುಂಡನ್ನು ಸೇರಿಸುವುದುಂಟು. ಅಜ್ಜಿಯ ಹಳೆಯ ಸೀರೆಯ ಅಂಚಿನ ಒಂದು ಚೂರು ನಿಮ್ಮ ಪುಟಕ್ಕೂ ಸಾಕು.

ಕೆಲವು ವಿಷಯ ಮಾತ್ರ ನೆನಪಿರಲಿ. ಆಮ್ಲರಹಿತ ಕಾಗದ ಸಿಕ್ಕಿದರೆ ಅದನ್ನೇ ಬಳಸಿ. ನ್ಯೂಸ್‌ಪ್ರಿಂಟಿನಂಥ ಅಗ್ಗದ ಕಾಗದ ಬೇಗ ಹಳದಿಯಾಗಿ ಪುಡಿಯಾಗುತ್ತದೆ, ಫೋಟೋವನ್ನೂ ಕೆಡಿಸುತ್ತದೆ. ಫೋಟೋದ ಮೇಲೆ ಸೆಲ್ಲೋಟೇಪು ಹಚ್ಚಬೇಡಿ. ನಾಲ್ಕು ಮೂಲೆಗಳಿಗೆ ಕಾಗದದ ಮಡಿಕೆ ಮಾಡಿ ಅದರಲ್ಲಿ ಸಿಕ್ಕಿಸಿ. ಸೂಜಿ ಫೋಟೋಗೆ ತಾಗದೆ ಸುತ್ತಲಿನ ಕಾಗದದಲ್ಲಿ ಮಾತ್ರ ಓಡಲಿ. ಎಲ್ಲಕ್ಕಿಂತ ಮುಖ್ಯವಾಗಿ ಹೆಸರು, ಊರು, ವರುಷ ಬರೆಯಿರಿ. ಬರೆಯದ ಫೋಟೋ ಎರಡು ತಲೆಮಾರಿನಲ್ಲಿ ಅಪರಿಚಿತರ ಫೋಟೋ ಆಗುತ್ತದೆ.

ಒಂದು ಭಾನುವಾರ ಸಂಜೆ ಕುಟುಂಬ ಪ್ರಾರ್ಥನೆಯಾದ ಮೇಲೆ ಟಿ.ವಿ. ನಿಲ್ಲಿಸಿ, ಫೋನುಗಳನ್ನು ಬದಿಗಿಟ್ಟು, ಎಲ್ಲರೂ ಸೇರಿ ಒಂದೇ ಒಂದು ಪುಟ ಮಾಡಿ. ಕಾಗದ ಮಕ್ಕಳು ಆರಿಸಲಿ, ಹೊಲಿಗೆ ಅಮ್ಮನೋ ಅಪ್ಪನೋ ಹಾಕಲಿ, ಕಥೆ ಅಜ್ಜ ಅಜ್ಜಿ ಹೇಳಲಿ. ಜಪಸರ ಹಿಡಿದು ಆ ಪುಟದಲ್ಲಿರುವ ಒಬ್ಬೊಬ್ಬರಿಗಾಗಿ ಒಂದೊಂದು 'ನಮೋ ಮರಿಯ' ಹೇಳಿ. ಬದುಕಿರುವವರಿಗೂ, ತೀರಿಕೊಂಡವರಿಗೂ, ಜೇಬಿನೊಳಗೆ ಇಟ್ಟವರಿಗೂ.

ಪ್ರಭು ಯೇಸುವೇ, ನಮ್ಮ ಮನೆಯಲ್ಲಿ ನಾವು ಕಾಲ ಕೆಳಗೆ ಬಿಟ್ಟ ಚೂರುಗಳನ್ನು ಕಾಣುವ ಕಣ್ಣು ಕೊಡಿ. ಕತ್ತರಿ ಹಿಡಿದ ನಮ್ಮ ಕೈಯನ್ನು ತಡೆದು ಸೂಜಿದಾರ ಕೊಡಿ. ಹರಿದದ್ದನ್ನು ಹೊಲಿಯುವ ತಾಳ್ಮೆಯನ್ನೂ, ದೂರ ಹೋದವರು ಬಂದಾಗ ಬಾಗಿಲು ತೆರೆಯುವ ಮನಸ್ಸನ್ನೂ ದಯಪಾಲಿಸಿ. ನಮ್ಮಲ್ಲಿ ಯಾರೂ ಕಳೆದುಹೋಗದಂತೆ ನಿಮ್ಮ ಬುಟ್ಟಿಯಲ್ಲಿ ಒಟ್ಟುಗೂಡಿಸಿ. ಆಮೆನ್.