ಮಡಚುವ ಚಾಕು: ಉಪಕರಣವೋ, ಅಧಿಕರಣವೋ?

ವಸ್ತುಗಳ ಬಳಕೆಯ ವಿಚಾರದಲ್ಲಿ ನಮ್ಮ ಪೂರ್ವಾಚಾರ್ಯರು ಬಹು ಸೂಕ್ಷ್ಮವಾದ ವಿವೇಚನೆಯನ್ನು ನಡೆಸಿದ್ದಾರೆ. ಸಂಯಮಕ್ಕೆ ನೆರವಾಗುವ ವಸ್ತು ಉಪಕರಣ. ಆಸ್ರವಕ್ಕೆ ಆಧಾರವಾಗುವ ವಸ್ತು ಅಧಿಕರಣ. ಮುನಿಗಳ ಕೈಯಲ್ಲಿರುವ ಪಿಂಛಿ ಕಮಂಡಲುಗಳು ಉಪಕರಣಗಳೆಂಬುದರಲ್ಲಿ ಸಂದೇಹವಿಲ್ಲ. ಕೊಲ್ಲಲೆಂದು ಎತ್ತಿದ ಖಡ್ಗ ಅಧಿಕರಣವೆಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ಗೃಹಸ್ಥನ ಬಾಳಿನಲ್ಲಿ ಈ ಎರಡು ತುದಿಗಳ ನಡುವೆ ನಿಲ್ಲುವ ವಸ್ತುಗಳೇ ಹೆಚ್ಚು. ಜೇಬಿನಲ್ಲಿ ಇಟ್ಟುಕೊಳ್ಳುವ ಮಡಚುವ ಚಾಕು ಅಂತಹವುಗಳಲ್ಲಿ ಒಂದು.

ಚಾಕುವಿನಂತಹ ಅಲ್ಪ ವಸ್ತುವಿಗೆ ಇಷ್ಟು ವಿಚಾರವೇಕೆ ಎಂದು ಕೆಲವರು ಕೇಳಬಹುದು. ಇಂದು ಅದು ಅಲ್ಪ ವಸ್ತುವಾಗಿ ಉಳಿದಿಲ್ಲ. ಅಮೆರಿಕ, ಯುರೋಪು ಮತ್ತು ಜಪಾನುಗಳಲ್ಲಿ ನೂರಾರು ಡಾಲರು ಬೆಲೆಯ ಜೇಬುಚಾಕುಗಳನ್ನು ನಿತ್ಯ ಧರಿಸುವವರೂ, ಸಾವಿರಾರು ಡಾಲರು ಕೊಟ್ಟು ಸಂಗ್ರಹಿಸುವವರೂ ಇದ್ದಾರೆ. ಉದ್ಯೋಗಕ್ಕಾಗಿ ಅಲ್ಲಿಗೆ ಹೋಗಿ ನೆಲೆಸಿದ ನಮ್ಮ ತರುಣರಿಗೂ ಈ ಹವ್ಯಾಸ ಅಂಟುವುದು ಅಸಂಭವವಲ್ಲ. ಹೀಗೆ ಹವ್ಯಾಸಕ್ಕೆ ಬಿದ್ದ ಮಗನಿಗೆ ತಂದೆತಾಯಿಗಳು ಏನು ಹೇಳಬೇಕು? “ಅಹಿಂಸಾಧರ್ಮದ ಮನೆಯಲ್ಲಿ ಚಾಕು ಸಲ್ಲದು” ಎಂದರೆ, ಅಡುಗೆಮನೆಯ ಈಳಿಗೆಮಣೆಯನ್ನೂ ಅಡಕತ್ತರಿಯನ್ನೂ ತೋರಿಸಿ ಅವನು ನಕ್ಕಾನು. “ಅದರಲ್ಲೇನಿದೆ, ಇರಲಿ” ಎಂದು ಸುಮ್ಮನಾದರೆ ವಿಚಾರವನ್ನೇ ಕೈಬಿಟ್ಟಂತಾಗುತ್ತದೆ. ಆದುದರಿಂದ ವಸ್ತುವನ್ನು ಮೊದಲು ತಿಳಿದು, ಅನಂತರ ತೀರ್ಮಾನಿಸುವುದು ಯುಕ್ತ.

ಈ ಚಾಕುಗಳನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯದು ದುಡಿಮೆಗಾರನ ಚಾಕು. ಫ್ರಾನ್ಸಿನ ಸಾವೊಯ್ ಪ್ರಾಂತ್ಯದಲ್ಲಿ ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಮರದ ಹಿಡಿಯ ಒಂದು ಸರಳ ಚಾಕುವನ್ನು ರೂಪಿಸಿದ. ತೆರೆದ ಅಲಗು ಬೆರಳಿನ ಮೇಲೆ ಮಡಚಿ ಬೀಳದಂತೆ ತಡೆಯುವ ತಿರುಗುವ ಉಂಗುರವನ್ನು 1955ರಲ್ಲಿ ಅದಕ್ಕೆ ಅಳವಡಿಸಲಾಯಿತು. ರೈತರೂ ಕುರುಬರೂ ರೊಟ್ಟಿ, ಹಣ್ಣು ಕೊಯ್ಯಲು ಬಳಸಿದ ಈ ಚಾಕು ಇಂದಿಗೂ ಸುಲಭ ಬೆಲೆಗೆ ದೊರೆಯುತ್ತದೆ. ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಎಂಬ ಚಾಕುವೂ ಇದೇ ಬಗೆಯದು. ಒಂದು ಕಾಲದಲ್ಲಿ ಆ ದೇಶದ ಶಾಲಾ ಮಕ್ಕಳು ಪೆನ್ಸಿಲು ಹೆರೆಯಲು ಅದನ್ನೇ ಬಳಸುತ್ತಿದ್ದರು.

ಎರಡನೆಯದು ನಿತ್ಯಧಾರಣೆಗೆಂದು ಉತ್ತಮ ದರ್ಜೆಯಲ್ಲಿ ನಿರ್ಮಿಸಿದ ಚಾಕು. ಅಮೆರಿಕದ ಸ್ಪೈಡರ್ಕೊ ಸಂಸ್ಥೆ 1981ರಲ್ಲಿ ಹೊರತಂದ ಚಾಕುವಿನ ಅಲಗಿನಲ್ಲಿ ಒಂದು ದುಂಡು ರಂಧ್ರವಿತ್ತು; ಹೆಬ್ಬೆರಳಿನಿಂದಲೇ, ಒಂದೇ ಕೈಯಲ್ಲಿ ಅದನ್ನು ತೆರೆಯಬಹುದಾಗಿತ್ತು. ಜೇಬಿನ ಅಂಚಿಗೆ ಸಿಕ್ಕಿಸುವ ಕ್ಲಿಪ್ಪೂ ಇತ್ತು. ದಕ್ಷಿಣ ಆಫ್ರಿಕದಿಂದ 1989ರಲ್ಲಿ ಅಮೆರಿಕದ ಐಡಹೊ ರಾಜ್ಯಕ್ಕೆ ಬಂದು ನೆಲೆಸಿದ ಕ್ರಿಸ್ ರೀವ್ ಅವರು 1990ರ ದಶಕದ ಆರಂಭದಲ್ಲಿ “ಸೆಬೆಂಜಾ” ಎಂಬ ಚಾಕುವನ್ನು ಮಾಡಿದರು. ಜೂಲು ಭಾಷೆಯಲ್ಲಿ ಆ ಪದಕ್ಕೆ “ಕೆಲಸ” ಎಂದರ್ಥ. ಟೈಟೇನಿಯಂ ಹಿಡಿಯ ಒಂದು ಭಾಗವೇ ಬಾಗಿ ಅಲಗಿನ ಹಿಂದೆ ಆತು ನಿಲ್ಲುವುದು ಅದರ ಬೀಗ. 2001ರಲ್ಲಿ ಕ್ರೂಸಿಬಲ್ ಎಂಬ ಉಕ್ಕಿನ ಸಂಸ್ಥೆಯು ಚಾಕುಗಳಿಗೆಂದೇ ಎಸ್-30-ವಿ ಎಂಬ ಉಕ್ಕನ್ನು ಸಿದ್ಧಪಡಿಸಿದಾಗ ರೀವ್ ಅವರ ಸಲಹೆಯೂ ಅದರಲ್ಲಿ ಸೇರಿತ್ತು. ಕರಗಿದ ಉಕ್ಕನ್ನು ಪುಡಿಯಾಗಿ ಸಿಡಿಸಿ, ಆ ಪುಡಿಯನ್ನು ಶಾಖ ಮತ್ತು ಒತ್ತಡಗಳಿಂದ ಬೆಸೆದು ಇದನ್ನು ತಯಾರಿಸುತ್ತಾರೆ. ಆದುದರಿಂದ ಗಡಸು ಕಣಗಳು ಎಲ್ಲೆಡೆ ಸಮನಾಗಿ ಹರಡಿ ಹರಿತವು ದೀರ್ಘಕಾಲ ನಿಲ್ಲುತ್ತದೆ. ಸೆಬೆಂಜಾದ ಬೆಲೆ ಇಂದು 400 ಡಾಲರಿಗೂ ಮಿಗಿಲು.

ಮೂರನೆಯದು ಆಭರಣದಂತಹ ಚಾಕು. ಅಮೆರಿಕದ ಆರೆಗಾನ್ ರಾಜ್ಯದ ವಿಲಿಯಂ ಹೆನ್ರಿ ಸಂಸ್ಥೆಯ ಚಾಕುಗಳು ಇದಕ್ಕೆ ನಿದರ್ಶನ. ಪದರ ಪದರವಾಗಿ ಬೆಸೆದು ಅಲೆಗಳ ಚಿತ್ತಾರ ಮೂಡಿಸಿದ ಡಮಾಸ್ಕಸ್ ಉಕ್ಕು, ಬೆಳ್ಳಿಯ ಕೆತ್ತನೆ, ರತ್ನದ ಗುಂಡಿ, ಪಳೆಯುಳಿಕೆಯಾದ ಮ್ಯಾಮತ್ ಆನೆಯ ಹಲ್ಲಿನ ಹಿಡಿ ಮುಂತಾದವು ಇವುಗಳಲ್ಲಿ ಕಂಡುಬರುತ್ತವೆ. ಇವುಗಳಲ್ಲಿ ಬಹುಪಾಲು ಗಾಜಿನ ಪೆಟ್ಟಿಗೆಯಲ್ಲಿಯೇ ಬಾಳುತ್ತವೆ.

ಈಗ ತುಲನೆಗೆ ಬರೋಣ. ಒಂದು ಸೇಬನ್ನು ಹೋಳು ಮಾಡುವುದರಲ್ಲಿ ಈ ಮೂರಕ್ಕೂ ಭೇದವಿಲ್ಲ. ಒಪಿನೆಲ್‌ನ ತೆಳುವಾದ ಅಲಗು ಹಣ್ಣಿನಲ್ಲಿ ಉಳಿದೆರಡಕ್ಕಿಂತ ಹಗುರವಾಗಿಯೇ ಇಳಿದೀತು. ಹಾಗೆಂದು ಬೆಲೆಬಾಳುವ ಚಾಕುವನ್ನು ಕೊಂಡವನು ಹಣವನ್ನು ವ್ಯರ್ಥಗೊಳಿಸಿದನೆಂದು ಹೇಳುವುದು ಅನ್ಯಾಯ. ವರ್ಷಕ್ಕೊಂದರಂತೆ ಅಗ್ಗದ ಚಾಕು ಕೊಂಡು ಎಸೆಯುವವನಿಗಿಂತ, ಒಂದನ್ನೇ ಕೊಂಡು, ಬಿಚ್ಚಿ ಶುಚಿಗೊಳಿಸಿ, ಸಾಣೆ ಹಿಡಿದು, ಇಪ್ಪತ್ತು ವರ್ಷ ಬಳಸುವವನ ಆರಂಭವೂ ಅಲ್ಪ, ಪರಿಗ್ರಹವೂ ಅಲ್ಪ. ಆದುದರಿಂದ ಬೆಲೆಯೊಂದೇ ಇಲ್ಲಿ ಅಳತೆಗೋಲಾಗಲಾರದು. ಹಾಗಾದರೆ ಅಳತೆಗೋಲು ಯಾವುದು?

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಜೀವಾಧಿಕರಣದ ಬಗೆಗಳನ್ನು ಎಣಿಸುವಾಗ ನಿರ್ವರ್ತನೆ ಮತ್ತು ನಿಕ್ಷೇಪಗಳನ್ನು ಹೇಳುತ್ತಾರೆ. ನಿರ್ವರ್ತನೆ ಎಂದರೆ ನಿರ್ಮಾಣ. ನಿಕ್ಷೇಪ ಎಂದರೆ ಇಡುವಿಕೆ. ಚಾಕುವಿನ ಪರೀಕ್ಷೆಗೆ ಈ ಎರಡು ಪದಗಳು ಎಷ್ಟು ಚೆನ್ನಾಗಿ ಒದಗುತ್ತವೆಂಬುದನ್ನು ಗಮನಿಸಿರಿ.

ಮೊದಲು ನಿರ್ವರ್ತನೆ. ಅಲಗಿಗಿಂತ ಹಿಡಿಯಲ್ಲಿಯೇ ಹೆಚ್ಚಿನ ಹಿಂಸೆ ಅಡಗಿರುವುದುಂಟು. ಸಂಗ್ರಾಹಕರು ಮೆಚ್ಚುವ ಹಳೆಯ ಚಾಕುಗಳ ಹಿಡಿಗಳು ದಂತ, ಎಲುಬು, ಕೊಂಬು ಅಥವಾ ಮುತ್ತಿನ ಚಿಪ್ಪಿನವು. “ಸ್ಟ್ಯಾಗ್” ಎಂದು ಹೆಸರಾದ ಹಿಡಿಗೆ ನಮ್ಮ ಕಾಡುಗಳ ಕಡವೆಯ ಕೊಂಬು ಬಹುಕಾಲ ಹೊರದೇಶಗಳಿಗೆ ಹೋಗುತ್ತಿತ್ತು. ಭಾರತ ಸರ್ಕಾರ ಅದರ ರಫ್ತನ್ನು ನಿಷೇಧಿಸಿದೆ. ಆಫ್ರಿಕದ ಆನೆಯ ದಂತದ ಅಂತಾರಾಷ್ಟ್ರೀಯ ವ್ಯಾಪಾರವನ್ನು ತಡೆಯುವ ನಿರ್ಣಯ 1989ರಲ್ಲಿ ಆಯಿತು. ಮ್ಯಾಮತ್ ಸಾವಿರಾರು ವರ್ಷಗಳ ಹಿಂದೆಯೇ ಅಳಿದ ಪ್ರಾಣಿಯಲ್ಲವೆ, ಹಿಮದಿಂದ ಅಗೆದು ತೆಗೆದ ಅದರ ದಂತದಲ್ಲಿ ಯಾವ ಹಿಂಸೆ ಎಂದು ಕೇಳಬಹುದು. ಪ್ರಶ್ನೆ ಸಹಜವೇ. ಆದರೆ ಬದುಕಿರುವ ಆನೆಯ ದಂತವನ್ನು ಮ್ಯಾಮತ್‌ನದೆಂದು ಹೇಳಿ ಮಾರುವ ಅಪಾಯವುಂಟೆಂಬ ಕಾರಣದಿಂದ, ಅದನ್ನೂ ನಿಯಂತ್ರಿಸಬೇಕೆಂಬ ಪ್ರಸ್ತಾವವನ್ನು ಇಸ್ರೇಲ್ ದೇಶವು 2019ರ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ ಮಂಡಿಸಿತ್ತು. ಅದು ಅಂಗೀಕಾರವಾಗದೆ ಹಿಂತೆಗೆಯಲ್ಪಟ್ಟಿತು. ಕೈಗೆ ದಂತವೇ ಬೇಕೆಂಬ ಮೋಹ ಉಳಿದಿರುವವರೆಗೆ ಆನೆಗೆ ಅಭಯವಿಲ್ಲ. ಟೈಟೇನಿಯಂ, ಮರ, ಬಟ್ಟೆಯ ಪದರಗಳನ್ನು ರಾಳದಿಂದ ಬೆಸೆದ ಮೈಕಾರ್ಟಾ ಇವೆಲ್ಲ ದೊರೆಯುವಾಗ ಪ್ರಾಣಿಜನ್ಯ ಹಿಡಿಯನ್ನು ಆಯುವುದಕ್ಕೆ ಶ್ರಾವಕನಿಗೆ ಯಾವ ಸಮರ್ಥನೆಯೂ ಇಲ್ಲ.

ಎರಡನೆಯದು ನಿಕ್ಷೇಪ. ನೋಡದೆ ಇಡುವುದು, ಸರಿಯಾಗಿ ಶೋಧಿಸದೆ ಇಡುವುದು, ಆತುರದಿಂದ ಇಡುವುದು, ಲಕ್ಷ್ಯವಿಲ್ಲದೆ ಇಡುವುದು ಎಂದು ಇದರಲ್ಲಿ ನಾಲ್ಕು ಬಗೆಗಳನ್ನು ವ್ಯಾಖ್ಯಾನಕಾರರು ಹೇಳಿದ್ದಾರೆ. ಈ ನಾಲ್ಕೂ ಪ್ರಮಾದದ ಮುಖಗಳೇ. ತೆರೆದ ಚಾಕುವನ್ನು ಮಗುವಿನ ಕೈಗೆ ಎಟಕುವಲ್ಲಿ ಬಿಟ್ಟವನು ಯಾರನ್ನೂ ಇರಿಯಬೇಕೆಂದು ಸಂಕಲ್ಪಿಸಿರುವುದಿಲ್ಲ. ಆದರೂ ದೋಷದಿಂದ ಮುಕ್ತನಲ್ಲ. ಉತ್ತಮ ಬೀಗವುಳ್ಳ ಚಾಕುವನ್ನು ಆಯುವುದು, ಕೆಲಸ ಮುಗಿದೊಡನೆ ಮಡಚುವುದು, ಅಲಗನ್ನು ಹರಿತವಾಗಿಯೇ ಇಡುವುದು, ಇವು ಯತ್ನಾಚಾರದ ಅಂಗಗಳು. ಹರಿತವಾಗಿರಬೇಕೆಂಬುದು ವಿಚಿತ್ರವಾಗಿ ಕಾಣಬಹುದು. ಆದರೆ ಮೊಂಡು ಚಾಕುವಿಗೆ ಬಲ ಹೆಚ್ಚು ಬೇಕು, ಬಲ ಹೆಚ್ಚಿದಾಗ ಕೈ ಜಾರುತ್ತದೆ, ಗಾಯವೂ ಆಳವಾಗುತ್ತದೆ. ಪರದೇಶದಲ್ಲಿರುವವರು ಅಲ್ಲಿನ ಕಾನೂನನ್ನು ಅರಿಯುವುದೂ ಇದೇ ಎಚ್ಚರಕ್ಕೆ ಸೇರಿದ್ದು. ಇಂಗ್ಲೆಂಡಿನಲ್ಲಿ 1988ರ ಶಾಸನದಂತೆ, ಮೂರು ಅಂಗುಲ ಮೀರದ, ಬೀಗವಿಲ್ಲದ ಮಡಚುವ ಚಾಕುವನ್ನು ಮಾತ್ರ ಕಾರಣ ತೋರಿಸದೆ ಹೊರಗೆ ಒಯ್ಯಬಹುದು. ಬೆರಳನ್ನು ಕಾಯುವ ಬೀಗವೇ ಅಲ್ಲಿ ನಿಷೇಧಕ್ಕೆ ಕಾರಣವಾಗುತ್ತದೆ. ಒಂದೇ ಗುಣ ಬಳಸುವವನಿಗೆ ರಕ್ಷೆಯಾಗಿಯೂ ಎದುರಿನವನಿಗೆ ಭಯವಾಗಿಯೂ ತೋರಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಇಲ್ಲಿಗೆ ಭಾವದ ಪ್ರಶ್ನೆ ಬರುತ್ತದೆ. 1960ರ ಅಕ್ಟೋಬರ್‌ನಲ್ಲಿ ಜಪಾನಿನ ಸಮಾಜವಾದಿ ನಾಯಕ ಇನೆಜಿರೊ ಅಸನುಮಾ ಅವರನ್ನು ಹದಿನೇಳು ವರ್ಷದ ಯುವಕನೊಬ್ಬ ಸಭಾವೇದಿಕೆಯಲ್ಲಿಯೇ ಇರಿದು ಕೊಂದ. ಕೊಂದದ್ದು ಗಿಡ್ಡ ಕತ್ತಿಯಿಂದ. ಆದರೆ ಅನಂತರ ಮಕ್ಕಳ ಕೈಯಿಂದ ಎಲ್ಲ ಬಗೆಯ ಅಲಗುಗಳನ್ನೂ ದೂರವಿಡುವ ಆಂದೋಲನ ಹಬ್ಬಿ, ಪೆನ್ಸಿಲು ಹೆರೆಯುತ್ತಿದ್ದ ಹಿಗೊನೊಕಾಮಿಯ ಕಸುಬೇ ಕುಸಿಯಿತು. ನಮ್ಮ ದೇಶದಲ್ಲಿ ಉತ್ತರ ಪ್ರದೇಶದ ರಾಮ್‌ಪುರದ ಮಡಚುವ ಚಾಕುವಿಗೆ ಬೇರೊಂದು ಗತಿಯಾಯಿತು: ಹಿಂದಿ ಚಲನಚಿತ್ರಗಳು ಅದನ್ನು ಖಳನ ಕೈಗೆ ಕೊಟ್ಟು, ಭಯದ ಜೊತೆಗೆ ಒಂದು ಬಗೆಯ ಆಕರ್ಷಣೆಯನ್ನೂ ಅದಕ್ಕೆ ಅಂಟಿಸಿದವು. ಅಲ್ಲಿ ನಿರಪರಾಧಿ ವಸ್ತುವಿಗೆ ಶಿಕ್ಷೆ; ಇಲ್ಲಿ ವಸ್ತುವಿಗೆ ಹಿಂಸೆಯ ಶೃಂಗಾರ. ಎರಡರಲ್ಲಿಯೂ ವಸ್ತು ಮಾತ್ರ ಕಾಣುತ್ತದೆ, ಹಿಡಿದವನ ಪರಿಣಾಮ ಕಾಣುವುದಿಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಐದು ಅನರ್ಥದಂಡಗಳಲ್ಲಿ ಹಿಂಸಾದಾನ ಮತ್ತು ಅಪಧ್ಯಾನಗಳು ಸೇರಿವೆ. ಹಿಂಸೆಯ ಸಾಧನಗಳನ್ನು ಪರರಿಗೆ ಒದಗಿಸುವುದು ಹಿಂಸಾದಾನ. ಪರರ ಕೇಡನ್ನು ಚಿಂತಿಸುವುದು ಅಪಧ್ಯಾನ. ತೋಟದಲ್ಲಿ ಕಸಿ ಕಟ್ಟುವವನಿಗೆ ಒಳ್ಳೆಯ ಚಾಕುವನ್ನು ಕೊಟ್ಟರೆ ಅದು ಅವನ ವೃತ್ತಿಗೆ ನೆರವು. ಕೋಪಿಷ್ಠನಾದ ಹುಡುಗನಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಅದನ್ನೇ ಕೊಟ್ಟರೆ ಹಿಂಸಾದಾನದ ಅಂಚಿಗೆ ಬಂದಂತೆ. “ಯುದ್ಧೋಪಯೋಗಿ” ಎಂಬ ಹೊಗಳಿಕೆಗೆ ಮರುಳಾಗಿ, ಅಲಗನ್ನು ಚಿಮ್ಮಿಸುತ್ತ ಕಲ್ಪಿತ ವೈರಿಯನ್ನು ಮನಸ್ಸಿನಲ್ಲಿ ಇರಿಯುವವನು ಒಂದು ಇರುವೆಯನ್ನೂ ಕೊಂದಿರಲಿಕ್ಕಿಲ್ಲ. ಆದರೂ ಅವನ ಆತ್ಮದ ನಿರ್ಮಲತೆ ಅಷ್ಟರಮಟ್ಟಿಗೆ ಕೆಟ್ಟಿದೆ.

ಇನ್ನು ಸಂಗ್ರಹದ ವಿಚಾರ. ಸಂಗ್ರಾಹಕನ ಪಕ್ಷದಲ್ಲಿ ಒಂದು ಪ್ರಬಲವಾದ ವಾದವುಂಟು: “ನನ್ನ ಚಾಕುಗಳು ಯಾರನ್ನೂ ನೋಯಿಸಿಲ್ಲ, ಒಂದು ಕಾಗದವನ್ನೂ ಕತ್ತರಿಸಿಲ್ಲ. ನಾನು ಕೊಳ್ಳುವುದರಿಂದ ಒಂದು ಕುಶಲ ಕಲೆ ಬದುಕುತ್ತದೆ.” ಈ ಮಾತಿನ ಉತ್ತರಾರ್ಧದಲ್ಲಿ ಸತ್ಯವಿದೆ. ಕಮ್ಮಾರನ ಕೌಶಲ ಗೌರವಾರ್ಹವಾದುದು. ಗಂಗರ ಸೇನಾನಿಯಾಗಿ ಖಡ್ಗ ಹಿಡಿದ ಚಾವುಂಡರಾಯನೇ ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದನೆಂಬುದನ್ನು ನೆನೆದರೆ, ಕಬ್ಬಿಣವನ್ನು ಕಂಡು ಅಂಜುವುದು ನಮ್ಮ ಪರಂಪರೆಯಲ್ಲವೆಂಬುದೂ ತಿಳಿಯುತ್ತದೆ. ಆದರೆ ಮಾತಿನ ಪೂರ್ವಾರ್ಧ ಅವನನ್ನೇ ಸಿಕ್ಕಿಸುತ್ತದೆ. ಏನನ್ನೂ ಕತ್ತರಿಸದ ಚಾಕು ಚಾಕುವಿನ ಕೆಲಸವನ್ನು ಬಿಟ್ಟು ಬೇರಾವುದೋ ಕೆಲಸವನ್ನು ಮಾಡುತ್ತಿದೆ. ಗೀರು ಬಿದ್ದರೆ ಬೆಲೆ ಇಳಿಯುವುದೆಂಬ ಭಯ, ಇನ್ನೊಬ್ಬನಲ್ಲಿ ಇರುವುದು ತನ್ನಲ್ಲಿಲ್ಲವೆಂಬ ಕೊರಗು, ಮುಂದಿನದಕ್ಕಾಗಿ ಕಾಯುವ ತವಕ, ಇವೇ ಆ ಕೆಲಸ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನ ರಾಶಿಯಿಂದ ಲಕ್ಷಿಸದೆ ಮೂರ್ಛೆಯಿಂದ ಲಕ್ಷಿಸಿರುವುದು ಇದಕ್ಕಾಗಿಯೇ. ದುಡಿಯುವ ಚಾಕುವಿನ ಅಲಗು ಸಾಣೆಗೆ ಸವೆಯುತ್ತ ಹೋಗುತ್ತದೆ, ಅದರೊಡನೆ ಅದರ ಮೇಲಣ ಮೋಹವೂ ಸವೆಯುತ್ತದೆ. ಪೆಟ್ಟಿಗೆಯಲ್ಲಿರುವ ಚಾಕು ಸವೆಯುವುದಿಲ್ಲ. ಅದನ್ನು ಕಾಯುವವನ ಸಮತೆಯೇ ಸವೆಯುತ್ತದೆ.

ಹೀಗೆ ನೋಡಿದಾಗ ನಿತ್ಯ ಧರಿಸುವವನ ಅಪಾಯ ಪ್ರಮಾದದಲ್ಲಿದೆ, ಸಂಗ್ರಹಿಸುವವನ ಅಪಾಯ ಮೂರ್ಛೆಯಲ್ಲಿದೆ. ಮೊದಲನೆಯದಕ್ಕೆ ಯತ್ನಾಚಾರ ಔಷಧ. ಎರಡನೆಯದಕ್ಕೆ ಪರಿಗ್ರಹ ಪರಿಮಾಣ. ಈ ಹವ್ಯಾಸವುಳ್ಳ ಮಗನನ್ನು ಹಿರಿಯರು ಗದರಿಸುವುದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳುವುದು ಹಿತ: ಇದರ ಹಿಡಿಗಾಗಿ ಯಾವ ಜೀವಿಗೆ ನೋವಾಯಿತು? ಇದು ಈ ತಿಂಗಳಲ್ಲಿ ಯಾವ ಕೆಲಸಕ್ಕೆ ಬಂದಿತು? ನಾಳೆ ಇದು ಕಳೆದುಹೋದರೆ ನಿನ್ನ ಮನಸ್ಸು ಎಷ್ಟು ದಿನ ಕಲಕಿರುತ್ತದೆ? ಮೂರಕ್ಕೂ ನಿರಾತಂಕವಾಗಿ ಉತ್ತರಿಸಬಲ್ಲವನು ತನ್ನ ಚಾಕುವನ್ನು ಇಟ್ಟುಕೊಳ್ಳಲಿ. ಒಂದೋ ಎರಡೋ ಎಂದು ಪರಿಮಾಣವನ್ನು ಮಾಡಿಕೊಂಡು, ಮಿಕ್ಕುದನ್ನು ಮಾರಿ ಬಂದ ಹಣವನ್ನು ಆಹಾರ, ಔಷಧ, ಶಾಸ್ತ್ರ, ಅಭಯಗಳೆಂಬ ನಾಲ್ಕು ದಾನಗಳಲ್ಲಿ ತನಗೆ ಒಪ್ಪಿದುದಕ್ಕೆ ವಿನಿಯೋಗಿಸಲಿ. ಬಸದಿಗಳ ಆಡಳಿತ ಮಂಡಳಿಗಳೂ ಅಡುಗೆಮನೆಯ ಚೂರಿ, ಈಳಿಗೆಗಳನ್ನು ಎಲ್ಲಿ, ಹೇಗೆ ಇಡಲಾಗುತ್ತಿದೆಯೆಂದು ಒಮ್ಮೆ ನೋಡುವುದು ಒಳ್ಳೆಯದು. ನಿಕ್ಷೇಪದ ಪಾಠ ಆರಂಭವಾಗಬೇಕಾದುದು ಅಲ್ಲಿಂದಲೇ.